ನೇರಳೆ ಮುಚ್ಚಳ

ರಾತ್ರಿ ಪಾಳಿ. ಸೊಹಾರ್. ಹೊರಗೆ ಗೋಡೆಯೂ ಬೆವರುವ ಆಗಸ್ಟ್;
ಒಳಗೆ ಹದಿನೆಂಟು ಡಿಗ್ರಿ, ಯಂತ್ರಗಳಿಗೆ ಹಿತವಾಗುವಷ್ಟು ಚಳಿ.
ನಾನು ಸ್ವೆಟರ್ ಹಾಕಿಕೊಂಡು ರಕ್ತ ಎಣಿಸುತ್ತೇನೆ.

ಎಣಿಸುವುದು ಯಂತ್ರ, ನಿಜ ಹೇಳಬೇಕೆಂದರೆ.
ನಾನು ನೇರಳೆ ಮುಚ್ಚಳದ ಕೊಳವೆಯನ್ನು
ಎಂಟು ಸಲ ಮೆಲ್ಲಗೆ ತಲೆಕೆಳಗು ಮಾಡುತ್ತೇನೆ,
ನಿದ್ದೆಹೋದ ಮಗುವಿಗೆ ಹೆಗಲು ಬದಲಿಸುವ ಹಾಗೆ.
ಹೆಸರು ಓದುತ್ತೇನೆ.
ನಸೀಬಾ. ವಯಸ್ಸು ಇಪ್ಪತ್ತಾರು. ಇಪ್ಪತ್ತೆರಡನೇ ವಾರ.
ಕೊಳವೆಯ ಮೇಲೆ ಊರು ಬರೆದಿರುವುದಿಲ್ಲ. ಆದರೆ ಗೊತ್ತು:
ಸಂಜೆ 'ಅಕ್ಕಾ, ಸಣ್ಣ ಸೂಜಿ ಹಾಕಿ' ಎಂದಿದ್ದಳು,
ಭಟ್ಕಳದ ಬಸ್‌ಸ್ಟ್ಯಾಂಡಿನ ಕನ್ನಡದಲ್ಲಿ.

ನ್ಯೂಟ್ರೋಫಿಲ್ ಎಂಬತ್ತೆರಡು. ಲಿಂಫೋಸೈಟ್ ಹನ್ನೊಂದು.
ಭಾಗಿಸು ಎಂದು ಯಾರೂ ಹೇಳಿರಲಿಲ್ಲ,
ಫಾರ್ಮಿನಲ್ಲಿ ಆ ಲೆಕ್ಕಕ್ಕೊಂದು ಚೌಕವೇ ಇಲ್ಲ.
ಕೈಗವಸಿನ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಭಾಗಿಸಿದೆ:
ಏಳೂವರೆಗೆ ಕೂದಲಷ್ಟು ಕಡಿಮೆ.
ಹೋದ ತಿಂಗಳು ನಾಲ್ಕು ಮುಟ್ಟಿರಲಿಲ್ಲ.

ಬಿಪಿ? ನೂರಾ ಹದಿನಾರು, ಎಪ್ಪತ್ನಾಲ್ಕು.
ಶಾಲೆಯ ಪುಸ್ತಕದಲ್ಲಿ ಅಚ್ಚು ಹಾಕಬಹುದಾದ ಬಿಪಿ.
ಜ್ವರವಿಲ್ಲ, ಕೆಮ್ಮಿಲ್ಲ, ಮೂತ್ರ ತಿಳಿ.

ಮತ್ತೆ ಯಾರ ಮೇಲೆ ಈ ದಂಡು?
ಒಳಗಿನ ಕೂಸು ಅರ್ಧ ಅವಳದು, ಅರ್ಧ ಹೊರಗಿನದು;
ಒಂಬತ್ತು ತಿಂಗಳ ವೀಸಾ ಮೈ ತಾನೇ ಕೊಟ್ಟದ್ದು.
ಆದರೂ ಕಾವಲಿನವರು ಮತ್ತೆ ಮತ್ತೆ ಬಾಗಿಲು ತಟ್ಟಿ
ಕಾಗದ ತೋರಿಸು ಅನ್ನುತ್ತಿದ್ದಾರೆ.
ಆ ತಟ್ಟುವ ಸದ್ದು ನನಗೆ ಗೊತ್ತು.

ಎರಡು ಹತ್ತಕ್ಕೆ ಡಾಕ್ಟರ್ ಥುರಯ್ಯಾಗೆ ಫೋನು ಮಾಡಿದೆ.
"ಇದು ಸಾಕ್ಷಿಯಲ್ಲ," ನಿದ್ದೆಗಣ್ಣಿನ ಇಂಗ್ಲಿಷು,
"ಹಲ್ಲುನೋವಿಗೂ ಏರುತ್ತದೆ. ರಕ್ತದ ಗಾಸಿಪ್ ಅಷ್ಟೆ."
ಸರಿ ಎಂದೆ. ಇಡುವ ಮೊದಲು, ಬಾಯಿ ತಡೆಯದೆ,
"ಡಾಕ್ಟರ್, ಅವಳು ಗಂಡನ ಚಪ್ಪಲಿ ಹಾಕಿಕೊಂಡು ಬಂದಿದ್ದಳು."

ಆ ಕಡೆ ದೀಪದ ಸ್ವಿಚ್ಚು ಟಕ್ ಎಂದದ್ದು ಕೇಳಿಸಿತು.

ಇಪ್ಪತ್ತೆಂಟನೇ ವಾರ, ಒಂದು ಮಂಗಳವಾರ, ಬಿಪಿ ಏರಿತು.
ಏರುವಾಗ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಇರಲಿಲ್ಲ;
ನಮ್ಮ ಮೂರನೇ ಮಹಡಿಯಲ್ಲಿ, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು,
ಉಪ್ಪಿಲ್ಲದ ಗಂಜಿಗೆ ನರ್ಸನ್ನು ಬೈಯುತ್ತ ಕೂತಿದ್ದಳು.

ನನ್ನ ಲೆಕ್ಕ ಗೆದ್ದಿತೆಂದಲ್ಲ.
ಒಂಬತ್ತು ತೋರಿಸಿದ ಸೆಬುವಿನ ಹೆಂಗಸು
ಏನೂ ಆಗದೆ ಹೆತ್ತು, ಲ್ಯಾಬಿಗೆ ಅನಾನಸ್ ಕೇಕು ಕಳಿಸಿದಳು.
ನಿಂತುಕೊಂಡೇ ತಿಂದೆವು. ಸುಳ್ಳಾದ ಭಯ
ಇಷ್ಟು ಸಿಹಿ ಇರುತ್ತದೆಂದು ಗೊತ್ತಿರಲಿಲ್ಲ.

ಡಬ್ಬಿಯ ಕೈಗವಸು ಮುಗಿದಿದೆ. ಡಬ್ಬಿ ಎಸೆದಿಲ್ಲ.
ಆ ಭಾಗಾಕಾರದ ಕೆಳಗೆ ಈಗ ಇನ್ನೂ ಹೆಸರುಗಳಿವೆ,
ಕೆಲವಕ್ಕೆ ಟಿಕ್ಕು, ಕೆಲವಕ್ಕೆ ಅಡ್ಡಗೆರೆ,
ಬಹಳಷ್ಟಕ್ಕೆ ಏನೂ ಇಲ್ಲ.
ವಾರಗಳು ತುಂಬಬೇಕು.