ಎರಡು ಸಲ ಒತ್ತಿದರೆ

ಬರ್ಕಾದಿಂದ ಮೀನು ಹೊರುವ ಪಿಕಪ್ಪು
ವಾದಿ ಕಬೀರಿನ ನಮ್ಮ ಶೆಡ್ಡಿಗೆ ಬಂದಾಗ ಬೆಳಿಗ್ಗೆ ಹತ್ತು.
ಸ್ಪ್ಯಾನರು ಮುಟ್ಟಿದರೆ ಆಗಲೇ ಕೈ ಚುರ್ರೆನ್ನುವ ಜೂನ್.
ಹಿಂದಿನಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು,
ನಮಗಿಂತ ಮೊದಲು ಬೆಕ್ಕುಗಳು ಹೋಗಿ ನೋಡಿದವು.

'ಗೇರ್‌ಬಾಕ್ಸ್ ಹೋಗಿದೆ' ಎಂದ ಸೈಫ್.
ಯಾರೋ ಹಾಗೆ ಹೇಳಿದ್ದರಂತೆ, ರೇಟನ್ನೂ ಹೇಳಿದ್ದರಂತೆ:
ನೂರಾ ಎಂಬತ್ತು ರಿಯಾಲ್.
ಹೇಳುವಾಗ ದನಿ ತಗ್ಗಿಸಿದ,
ಗಾಡಿಗೆ ಕೇಳಿಸಬಾರದು ಎಂಬಂತೆ.

ಎಂಜಿನ್ ಆರಿಸಿ ಲಿವರ್ ಹಿಡಿದೆ.
ಒಂದು, ಎರಡು, ಮೂರು, ನಾಲ್ಕು, ರಿವರ್ಸು:
ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.
ಎಂಜಿನ್ ಹೊತ್ತಿಸಿ ಮತ್ತೆ ಹಾಕಿದರೆ
ರಿವರ್ಸು ಕಟಕಟ ಹಲ್ಲು ಕಡಿಯಿತು.
ಹಲ್ಲಿನ ತಪ್ಪಲ್ಲ ಮಾರಾಯ,
ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ.

ಪೆಡಲ್ ಒತ್ತಿದೆ. ಒದ್ದೆ ಸ್ಪಂಜು.
ಇನ್ನೊಮ್ಮೆ ಒತ್ತಿದೆ. ಕಾಲಿಗೆ ಏನೋ ಸಿಕ್ಕಿತು,
ಗೇರು ಬಿತ್ತು.
ಸೈಫ್ ಬೆಕ್ಕಿನ ಕಡೆ ನೋಡಿದ.
'ಎಷ್ಟು ದಿನದಿಂದ ಹೀಗೆ?'
'ಮಗಳ ಮದುವೆಗೂ ಮೊದಲಿಂದ.'
'ಮದುವೆ ಯಾವಾಗ?'
'ಮೊಮ್ಮಗ ಈಗ ನಡೀತಾನೆ.'

ಎರಡು ಸಲ ಒತ್ತಿದರೆ ಬೀಳುತ್ತಿತ್ತಲ್ಲ.
ಹಾಗಾಗಿ ಅದು ರೋಗವಲ್ಲ,
ಒತ್ತುವ ಕ್ರಮ.

ಗದಗದ ಮಾಬೂಸಾಬ ಅಡಿಗೆ ನುಸುಳಿ
ಸಿಲಿಂಡರಿನ ರಬ್ಬರ್ ಟೋಪಿ ಸರಿಸಿದ.
ಹಣೆಯ ಮೇಲೆ ಕಪ್ಪು ಹನಿ.
'ಇಲ್ಲೇ ಐತ್ರೀ, ಅಳಾಕತ್ತೈತಿ.'
ಬಿಚ್ಚಿ ತೆಗೆದರೆ
ಎಂಟಾಣೆ ಅಗಲದ ಒಂದು ವಾಶರು, ಅಂಚು ಹರಿದದ್ದು.
ನೂರಾ ಎಂಬತ್ತು ರಿಯಾಲನ್ನು
ಇದು ಉಗುರಿನಷ್ಟು ಜಾಗದಲ್ಲಿ ಅಡಗಿಸಿಟ್ಟಿತ್ತು.

ಹೊಸದು ಹಾಕಿ ಗಾಳಿ ತೆಗೆಯುವ ಹೊತ್ತಿಗೆ
ಮಾಬೂ ಚಹಾ ತರಲು ಹೋಗಿದ್ದ.
ಸೀಟಿನಲ್ಲಿ ಸೈಫ್, ಅಡಿಯಲ್ಲಿ ನಾನು,
ನಿಪ್ಪಲಿಗೆ ಪೈಪು, ಪೈಪಿಗೆ ಜ್ಯೂಸಿನ ಖಾಲಿ ಬಾಟಲಿ.
ಗಾಡಿಯಡಿ ಮಲಗಿದರೆ ನನಗೆ ಅರಬ್ಬಿ ಬರುವುದಿಲ್ಲ,
ಹಿಂದಿಯೂ.
ಒತ್ತು, ಅಂದೆ.
ಹಿಡಿ.
ಬಿಡು.
ಮೂರನೆಯ ಸುತ್ತಿಗೆ ಅವನೇ ಮೇಲಿಂದ ಹೇಳತೊಡಗಿದ:
ವತ್ತು. ಹಿಡಿ. ಬಿಡು.
ನಾನು ಬಿಗಿಯುವ ಮೊದಲೇ ಒಮ್ಮೆ ಕಾಲೆತ್ತಿದ,
ಹೊರಟಿದ್ದ ಗಾಳಿ ಸುರ್ರನೆ ವಾಪಸು.
ಬೈದೆ, ಅದೂ ಕನ್ನಡದಲ್ಲೇ.
ಪುಣ್ಯಕ್ಕೆ ಆ ಪದ ಕಲಿಯಲಿಲ್ಲ.

ಪೈಪಿನಲ್ಲಿ ಮೊದಲು ಗೋಲಿಯಷ್ಟು ಗುಳ್ಳೆ,
ಆಮೇಲೆ ಸಾಸಿವೆ,
ಆಮೇಲೆ ಬರೀ ಎಣ್ಣೆ.

ಹನ್ನೊಂದು ರಿಯಾಲ್ ಕೊಟ್ಟ. ಎಣಿಸಿ, ಮತ್ತೆ ಎಣಿಸಿ,
ಇಷ್ಟೇನಾ ಎಂದು ಮುಖ ನೋಡಿ.
ಹೊರಟವನು ಗೇಟಿನ ಬಳಿ ನಿಲ್ಲಿಸಿ
ಕಿಟಕಿಯಿಂದ ಒಂದು ಚೀಲ ಎಸೆದ:
'ಹಿಡಿ!'
ಹಿಡಿದೆ. ಬೂತಾಯಿ, ಎರಡು ಕಿಲೋ ಮೇಲೆ,
ಇನ್ನೂ ತಣ್ಣಗಿತ್ತು.

ಪೆಡಲ್ ಈಗ ಕಲ್ಲು. ಒಂದು ಸಲ ಸಾಕು,
ಬೆರಳೆತ್ತಿ ತೋರಿಸಿಯೇ ಕಳಿಸಿದ್ದೆ.
ತಲೆಯಾಡಿಸಿದ್ದ.
ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೇನೆ,
ಸೈಫ್‌ನ ಎಡ ಭುಜ
ತಗ್ಗಿತು,
ಮತ್ತೊಮ್ಮೆ ತಗ್ಗಿತು.