ನೂರಕ್ಕೆ ಐದು

ಉಮ್ಮ ಬೀಡಿ ಕಟ್ಟುವುದನ್ನು ನೋಡುತ್ತಲೇ ಬೆಳೆದವನು ನಾನು.
ಎಲೆ ನೆನೆಸಿ, ಕತ್ತರಿಸಿ, ಪುಡಿ ಉದುರಿಸಿ, ಸುತ್ತಿ,
ಬಾಯಿ ಮಡಚಿ, ನೂಲಿನಲ್ಲಿ ಎರಡು ಸುತ್ತು.
ಅಕ್ಕನ ನಿಕಾಹಿನ ಕಿವಿಯೋಲೆ ಹಾಗೆ ಬಂದದ್ದು.
ಆ ಕೈಗುಣ ನನ್ನ ಬೆರಳಿಗೂ ಇಳಿದಿತ್ತು:
ಬೆಂಗ್ರೆಯ ಮರಳಲ್ಲಿ, ಎಂಥ ಗಾಳಿಗೂ
ನಾನು ಸುತ್ತಿದ್ದು ಬಿಚ್ಚಿಕೊಳ್ಳುತ್ತಿರಲಿಲ್ಲ.

‘ಉಮ್ಮನ ಹೆಸರು ಉಳಿಸಿದೆ ಮಾರಾಯ’ ಎನ್ನುತ್ತಿದ್ದ ರೋಶಿತ್.
ಕಾರ್ನರಿನಿಂದ ಅವನ ಬಲಗಾಲು ಬೀಸಿದರೆ
ಚೆಂಡು ಕಡಲಗಾಳಿಯನ್ನೇ ನೆಚ್ಚಿಕೊಂಡು
ಬಾಗಿ ಒಳಗೆ ಬರುತ್ತಿತ್ತು.
ಇಪ್ಪತ್ತಮೂರು. ಬಿಪಿ ಇಲ್ಲ, ಸಕ್ಕರೆ ಇಲ್ಲ,
ಕುಡಿಯುವವರನ್ನು ಕಂಡರಾಗದು.
‘ಅದು ಲಿವರು ತಿನ್ನುತ್ತದೆ. ಇದು ಸೊಪ್ಪು.
ಬಸಳೆಯ ಹಾಗೆ.’

ಆ ಭಾನುವಾರ, ಆಟ ಮುಗಿದು,
ಮೂರನೇ ಸಲ ಕೈ ಬದಲಾದಾಗ
ಅವನ ಬೆರಳಿಂದ ಕೆಂಡ ಜಾರಿ ಮರಳಿಗೆ ಬಿತ್ತು.
ಎತ್ತಿಕೊಳ್ಳಲಿಲ್ಲ.
ಬಾಯಿ ಒಂದೇ ಕಡೆಗೆ ನಗುತ್ತಿತ್ತು.
ನಾವೂ ನಕ್ಕೆವು.
ಎಷ್ಟು ಹೊತ್ತು ನಕ್ಕೆವೋ.
‘ಏರಿದೆ ಅಷ್ಟೆ, ಲಿಂಬೆನೀರು ಕೊಡಿ’ ಎಂದ ಒಬ್ಬ.
ಕೊಟ್ಟೆವು. ಬಲತುಟಿಯಿಂದ
ಹಾಗೆಯೇ ಹೊರಗೆ ಹರಿಯಿತು.

ಕೊನೆಯ ಫೆರ್ರಿ ಹೋಗಿಯಾಗಿತ್ತು.
ಯಾರದೋ ನಾಡದೋಣಿ, ಆಚೆ ಧಕ್ಕೆ, ರಿಕ್ಷಾ,
ಮಡಿಲಲ್ಲಿ ಅವನ ತಲೆ, ಕಣ್ಣು ತೆರೆದೇ ಇತ್ತು.
ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.
‘ಎಷ್ಟು ಗಂಟೆಗೆ ಶುರುವಾಯ್ತು? ಏನಾದರೂ ತಗೊಳ್ತಾನಾ?’
ಬೇರೆ ಯಾವುದೋ ಅಪಘಾತಕ್ಕೆ ಬಂದ ಪೊಲೀಸ್ ಒಬ್ಬ
ಬಾಗಿಲಿಗೆ ಒರಗಿ ಚಾ ಕುಡಿಯುತ್ತಿದ್ದ.
ಗೊತ್ತಿಲ್ಲ, ಎಂದೆ.
ಎರಡಕ್ಕೂ ಅದೇ ಉತ್ತರ.

ಅವಳು ಹೇಳಿದಳು: ಹೊತ್ತು ಗೊತ್ತಿದ್ದರೆ ಒಂದು ಇಂಜೆಕ್ಷನ್ ಇದೆ,
ನಾಲ್ಕೂವರೆ ಗಂಟೆಯ ಒಳಗೆ.
ಗೊತ್ತಿಲ್ಲದ ಹೊತ್ತಿಗೆ ಕೊಡುವಂತಿಲ್ಲ.
ಪೊಲೀಸ್ ಚಾ ಮುಗಿಸಿದ. ಪೇಪರ್ ಲೋಟ ಹಿಸುಕಿದ.
ಹೋದ.
ಆಮೇಲೆ ಹೇಳಿದೆ.
ಅವಳು ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದಳು,
ಬರೆದುಕೊಂಡಳು, ಓಡಿದಳು.

ತಿಂಗಳ ನಂತರ ಧೈರ್ಯ ಮಾಡಿ ಕೇಳಿದ್ದಕ್ಕೆ ಅಂದಳು:
‘ಇದರಿಂದಲೇ ಅಂತ ಬರೆದುಕೊಡಲಾರೆ.
ಇದರಿಂದಲ್ಲ ಅಂತಲೂ ಬರೆದುಕೊಡಲಾರೆ.
ನಿಮ್ಮ ವಯಸ್ಸಿನವರು ಬರುತ್ತಾರೆ. ನಾನು ಕೇಳುತ್ತೇನೆ.
ಗೊತ್ತಿಲ್ಲ ಅನ್ನುತ್ತಾರೆ.’

ಈಗ ಅವನ ಬಲಗೈ ತಾನಾಗಿ ಸುತ್ತಿಕೊಳ್ಳುತ್ತದೆ,
ಬೆರಳೊಳಗೆ ಬೆರಳು, ಬಾಯಿ ಮಡಚಿದ ಹಾಗೆ.
ದಿನಾ ಸಂಜೆ ಒಂದೊಂದಾಗಿ ಬಿಚ್ಚುತ್ತೇನೆ.
ಬಿಟ್ಟರೆ ಮತ್ತೆ ಸುತ್ತಿಕೊಳ್ಳುತ್ತದೆ.
ತುಳು ಹೋಗಿದೆ, ಕನ್ನಡ ಹೋಗಿದೆ,
ನಮ್ಮೊಡನೆ ಬೈದಾಡಲು ಕಲಿತ ಬ್ಯಾರಿಯೂ.
ಥೆರಪಿಯ ಕಾರ್ಡಿನಲ್ಲಿ ಸೇಬು, ಛತ್ರಿ, ಸಿಂಹ.
ಸಿಂಹವನ್ನು ಬಹಳ ಹೊತ್ತು ನೋಡುತ್ತಾನೆ,
ಎಲ್ಲೋ ಕಂಡ ಮುಖದ ಹಾಗೆ.

ನಿನ್ನೆ ಅವನ ಅಮ್ಮ ಸ್ಟೇಟ್‌ಬ್ಯಾಂಕಿನ ಮಾರ್ಕೆಟಿನಿಂದ ಬಂದವಳು
ಸೀರೆ ಸಹ ಬದಲಿಸದೆ ಜಗಲಿಯಲ್ಲಿ ಕುಳಿತು,
ಉಳಿದ ಬಂಗುಡೆ ಪಕ್ಕದ ಮನೆಗೆಂದು ಎಣಿಸುತ್ತಿದ್ದಳು,
ನೂರಕ್ಕೆ ಐದು, ನಿತ್ಯದ ರಾಗದಲ್ಲಿ:
ಒಂಜಿ, ರಡ್ಡ್
ಮೂಜಿ, ಅಂದ.

ಅಮ್ಮನ ಕೈ ಮೀನಿನ ಮೇಲೆ ನಿಂತಿತು.
ತಿರುಗಿ ನೋಡಲಿಲ್ಲ. ಮುಂದಿನದನ್ನು ಮೆಲ್ಲ ಎತ್ತಿಟ್ಟಳು.
ನಾಲ್, ಅಂದ.
ಮತ್ತೊಂದು ಎತ್ತಿದಳು. ಬಾಲದಿಂದ ನೀರು ತೊಟ್ಟಿಕ್ಕಿತು.
ಅವನ ಗಂಟಲು ಏರಿತು, ಇಳಿಯಿತು.
ಐದನೆಯದು ನನಗೆ ಗೊತ್ತಿದೆ. ನಾಲಗೆಯ ತುದಿಯಲ್ಲೇ ಇದೆ.
ಹೇಳಿಕೊಡಬೇಡಿ, ಕಾಯಿರಿ, ಎಂದಿದ್ದಾಳೆ ಥೆರಪಿಯವಳು.
ಬಾಯಿ ಮುಚ್ಚಿ ಕೂತಿದ್ದೇನೆ.