ಬಸ್ ನಂಬರ್ ಇಪ್ಪತ್ತೇಳು

ಶಾರ್ಜಾ, ಅಲ್ ನಹ್ದಾ, ಬೆಳಗ್ಗೆ ಆರಕ್ಕೆ ಐದು ನಿಮಿಷ.
ಹುಡುಗರು ಮುಂದೆ, ಹುಡುಗಿಯರು ಹಿಂದೆ,
ನಡುವೆ ಒಂದು ಸಾಲು ಖಾಲಿ.
ಆ ಖಾಲಿಯನ್ನು ಕಾಯಲಿಕ್ಕೆ ಸೆವ್ರಿನ್ ಬಾಯಿ.

ನಿದ್ದೆ ಓಡಿಸಲು ನಾನು ರೇಡಿಯೋ ಹಾಕುತ್ತೇನೆ.
ಹಾಡಿನಲ್ಲಿ ಯಾವಾಗಲೂ ಹದಿನಾರೇ ವಯಸ್ಸು,
ಹಿಂದಿಯಲ್ಲೂ, ಮಲಯಾಳದಲ್ಲೂ, ನಮ್ಮದರಲ್ಲೂ.
ಹದಿನೇಳು ತುಂಬಿದವಳನ್ನು ಯಾರೂ ವಿಚಾರಿಸಿದ್ದಿಲ್ಲ.
ಬರೆದವನಿಗೆ ಅರುವತ್ತಿರಬಹುದು, ಬಿ.ಪಿ. ಇರಬಹುದು,
ಹಾಡಿದವಳಿಗೆ ಮೊಮ್ಮಕ್ಕಳು.
ಹಾಜರಿ ಹಾಕುತ್ತಲೇ ಸೆವ್ರಿನ್ ಬಾಯಿ
ಸೀಟಿನ ಕಂಬಿಗೆ ಪೆನ್ನಿನಿಂದ ತಾಳ ಕುಟ್ಟುತ್ತಾರೆ.

ಸೋಮವಾರ ಕನ್ನಡಿಯಲ್ಲಿ ಕಂಡೆ:
ಖಾಲಿ ಸಾಲಿನ ಮೇಲೆ ಒಂದು ಬಿಳಿ ವೈರು.
ಈ ತುದಿ ಪ್ರಥಮೇಶನ ಕಿವಿಗೆ,
ಆ ತುದಿ ಲೆನಿಟಾಳ ಕಿವಿಗೆ.
ಉದ್ದ ಸಾಲದೆ ಅವನು ಹಿಂದಕ್ಕೆ ವಾಲಿದ್ದ,
ಅವಳು ಮುಂದಕ್ಕೆ.
ಯಾವ ಹಾಡೋ.
ನಗಲಿಲ್ಲ, ಮಾತಾಡಲಿಲ್ಲ,
ಲೆಕ್ಕದ ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು.
ನಾನು ಸ್ಪೀಡ್ ಬ್ರೇಕರನ್ನು ಮೆಲ್ಲಗೆ ದಾಟಿಸಿದೆ.

ಬುಧವಾರ ಪಾರ್ಕಿಂಗಿನಲ್ಲಿ ಹುಡುಗನ ಅಪ್ಪ.
ಮೀಸೆ ಮೂಡುವ ಮೊದಲೇ ಇದೆಲ್ಲ ಬೇಕಾ,
ಮರ್ಯಾದೆ ಅಂತ ಒಂದು ಉಂಟಾ ಇಲ್ಲವಾ,
ನೀವು ಕನ್ನಡಿ ಯಾಕೆ ಇಟ್ಟದ್ದು?
ನಡುವೆ ಅವರ ಫೋನು ರಿಂಗಾಯಿತು,
ಅದೇ ಹದಿನಾರು, ಪಲ್ಲವಿ ಸಮೇತ.
ಕಟ್ ಮಾಡಿ, ನಿಂತಲ್ಲಿಂದಲೇ ಬೈಗುಳ ಮುಂದುವರಿಸಿದರು.

ನನ್ನ ಹದಿನಾರು ಉಪ್ಪಿನಂಗಡಿಯ ಪಂಚರ್ ಅಂಗಡಿಯಲ್ಲಿ ಕಳೆಯಿತು.
ಆ ವಯಸ್ಸಿಗೆ ಇಷ್ಟೊಂದು ಹಾಡುಗಳಿವೆ ಅಂತ
ಗೊತ್ತಾದದ್ದು ಇಲ್ಲಿ, ಸ್ಟೇರಿಂಗ್ ಹಿಡಿದ ಮೇಲೆ.

ಈಗ ನಡುವೆ ಎರಡು ಸಾಲು ಖಾಲಿ.
ರೇಡಿಯೋ ಹಾಕಬಹುದಂತೆ, ಸಣ್ಣಗೆ.
ಸೆವ್ರಿನ್ ಬಾಯಿ ತಾಳ ಬಿಟ್ಟಿಲ್ಲ.
ಆ ಬಿಳಿ ವೈರು ನನ್ನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ,
ಪಾರ್ಕಿಂಗ್ ಚೀಟಿಗಳ ಕೆಳಗೆ.
ಯಾರೂ ಕೇಳಿಲ್ಲ.